ಗೋಡೆಯಾಚೆ ಸಾನ್‌ರೆಮೊ

ಬಾಗಿಲು ಹಾಕಿಕೊಂಡ ರಭಸಕ್ಕೆ ಸೇವಂತಿಗೆಯ ನಾಲ್ಕು ಎಸಳು ಭಾನುಮತಿಯ ಚಪ್ಪಲಿಯ ಮೇಲೆ ಉದುರಿದವು. ಒಳಗೆ ಚಿಲಕ ಬಿತ್ತು, ಅದರ ಮೇಲೆ ಸರಪಳಿಯೂ ಬಿತ್ತು. ಒಂದು ಕೈಯಲ್ಲಿ ಹೂವಿನ ಕಟ್ಟು, ಇನ್ನೊಂದರಲ್ಲಿ ಕೋಡುಬಳೆಯ ಡಬ್ಬಿ, ಕಂಕುಳಲ್ಲಿ ರೂಲು ಹಾಕಿದ ನೋಟ್‌ಬುಕ್ಕು. ಇಷ್ಟೆಲ್ಲ ಹೊತ್ತುಕೊಂಡು ಅವಳು ಕಾರಿಡಾರಿನಲ್ಲಿ ಪೆಚ್ಚಾಗಿ ನಿಂತಳು. ಬಾಗಿಲು ತೆರೆದಾಗ ನಕ್ಕಿದ್ದ ನಗು ಇನ್ನೂ ಮುಖದ ಮೇಲೆಯೇ ಇತ್ತು.

ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ. ಇನ್ನು ಹತ್ತು ನಿಮಿಷಕ್ಕೆ ಸಾನ್‌ರೆಮೊ ಶುರು. ಇಟಲಿಯ ಕಡಲತೀರದ ಆ ಊರಿನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಐದು ರಾತ್ರಿ ಹಾಡಿನ ಸ್ಪರ್ಧೆ ನಡೆಯುತ್ತದೆ. ದೇಶಕ್ಕೆ ದೇಶವೇ ಟೀವಿ ಮುಂದೆ ಕೂತು ಅಂಕ ಹಾಕುತ್ತದೆ, ಜಗಳವಾಡುತ್ತದೆ. ಅಲ್ಲಿ ರಾತ್ರಿಯ ಊಟ ಮುಗಿಯುವಾಗ ಇಲ್ಲಿ ಅಮೆರಿಕದ ಕರ್ಕ್‌ಲ್ಯಾಂಡಿನಲ್ಲಿ ಇನ್ನೂ ಮಧ್ಯಾಹ್ನವೂ ಆಗಿರುವುದಿಲ್ಲ. ಮೈಸೂರಿನ ಅಗ್ರಹಾರದ ಭಾನುಮತಿಗೂ ಇಟಲಿಯ ಹಾಡಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಬೆಳೆದದ್ದು ಜಗಳದಿಂದ.

ನಾಲ್ಕು ವರ್ಷದ ಹಿಂದೆ, ಗಂಡ ಅಶ್ವತ್ಥ ತೀರಿಹೋಗಿ ಇಪ್ಪತ್ತು ದಿನವಾಗಿತ್ತು. ಮಗಳು ಮೈತ್ರಿ ರಜೆ ಮುಗಿಯಿತೆಂದು ಆಸ್ಟಿನ್‌ಗೆ ಹಿಂದಿರುಗಿದ್ದಳು. ಆವತ್ತು ಪಕ್ಕದ ಮನೆಯ ಟೀವಿ ಗೋಡೆ ಒಡೆದು ಬರುವಂತೆ ಅರಚತೊಡಗಿತು. ಸೌಂಡು ಕಮ್ಮಿ ಮಾಡಿ ಎಂದು ಹೇಳುವುದಕ್ಕೆ ಭಾನುಮತಿ ಉರಿಮುಖ ಮಾಡಿಕೊಂಡೇ ಹೋದಳು. ಬಾಗಿಲು ತೆರೆದ ಮುದುಕಿ ಓರ್ನೆಲ್ಲಾ ಇವಳ ಮಾತು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ರಟ್ಟೆ ಹಿಡಿದು ಒಳಗೆಳೆದು ಸೋಫಾದಲ್ಲಿ ಕೂರಿಸಿ, ಕೈಗೆ ಪೆನ್ಸಿಲ್ಲು ಕೊಟ್ಟು, ಅಂಕ ಹಾಕು ಎಂದಳು. ಇಪ್ಪತ್ತು ದಿನದಲ್ಲಿ ಭಾನುಮತಿಗೆ ಇಂಥದ್ದು ಮಾಡೆಂದು ಯಾರೂ ಹೇಳಿರಲಿಲ್ಲ. ಅವಳು ಅಂಕ ಹಾಕಿದಳು.

ಅಲ್ಲಿಂದ ಪ್ರತಿ ಫೆಬ್ರವರಿ ಇದೇ. ಹಾಡು ಮುಗಿಯುವವರೆಗೆ ತುಟಿ ಪಿಟಕ್ಕೆನ್ನಬಾರದು, ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಬೆರಳೆತ್ತಿ ಅಂಕ ತೋರಿಸಬೇಕು. ಇದು ಓರ್ನೆಲ್ಲಾಳ ಕಾನೂನು. ಅಂಕವೆಲ್ಲ ನೋಟ್‌ಬುಕ್ಕಿನಲ್ಲಿ ‘ಭಾ’, ‘ಓ’ ಎಂಬ ಎರಡು ಸಾಲಿಗೆ ಹೋಗುತ್ತಿತ್ತು. ಭಾನುಮತಿಯದು ಧಾರಾಳದ ಕೈ, ಎಂಟು ಒಂಬತ್ತಕ್ಕೆ ಕಮ್ಮಿಯಿಲ್ಲ. ಓರ್ನೆಲ್ಲಾ ಹೂ ಬೆಳೆಯುವವನ ಮಗಳು, ಸಾನ್‌ರೆಮೊದ ಪಕ್ಕದ ಊರಿನವಳು. ಹುಡುಗಿಯಾಗಿದ್ದಾಗ ಆ ಹಾಡುಗಾರರನ್ನು ಕಣ್ಣಾರೆ ಕಂಡವಳು. ಅವಳಿಂದ ನಾಲ್ಕು ಅಂಕ ಹೊರಟರೆ ಪುಣ್ಯ. ಹತ್ತು ಕೊಡಬೇಕಾದವರೆಲ್ಲ ಸತ್ತುಹೋದರು ಎನ್ನುತ್ತಿದ್ದಳು. ಎಂಥ ಜಿಪುಣಿ ಎಂದು ಭಾನುಮತಿ ಕನ್ನಡದಲ್ಲೇ ಬೈಯುತ್ತಿದ್ದಳು. ಮುದುಕಿಗೆ ಅದು ಹೊಗಳಿಕೆಯಲ್ಲವೆಂದು ಗೊತ್ತಾಗುತ್ತಿತ್ತು, ನಗುತ್ತಿದ್ದಳು.

ಫೆಬ್ರವರಿ ಮುಗಿದರೂ ನಂಟು ಮುಗಿಯುತ್ತಿರಲಿಲ್ಲ. ಇವಳ ಹುಳಿ ಆ ಮನೆಗೆ ಹೋಗುತ್ತಿತ್ತು, ಅವಳ ಬ್ರೆಡ್ಡು ಈ ಮನೆಗೆ ಬರುತ್ತಿತ್ತು. ತಾನು ಕ್ಯಾನ್ಯನ್ ಪಾರ್ಕಿನ ಆಫೀಸಿನ ಕೆಲಸ ಬಿಟ್ಟ ಮೇಲಂತೂ ದಿನಕ್ಕೊಮ್ಮೆಯಾದರೂ ಭಾನುಮತಿಯನ್ನು ಹೆಸರು ಹಿಡಿದು ಕರೆಯುವ ಮನೆ ಅದೊಂದೇ ಆಗಿತ್ತು. ಈಗ ಅದೇ ಮನೆಯ ಬಾಗಿಲು ಮುಖಕ್ಕೆ ಹೊಡೆದಂತೆ ಮುಚ್ಚಿಕೊಂಡಿತ್ತು.

ತಾನು ಮಾಡಿದ್ದಾದರೂ ಏನು? ಓರ್ನೆಲ್ಲಾ ಎದೆಯ ಆಪರೇಷನ್ ಮಾಡಿಸಿಕೊಂಡು ಬಂದು ಹತ್ತು ದಿನವಾಗಿತ್ತು. ಆಯಸ್ಸು ಗಟ್ಟಿಯಾಗಲಿ ಎಂದು ಭಾನುಮತಿ ಪಕ್ಕದೂರು ಬಾಥೆಲ್‌ನ ದೇವಸ್ಥಾನಕ್ಕೆ ಹೋಗಿ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸಿದ್ದಳು. ಅರ್ಚಕರು ಗೋತ್ರ ಕೇಳಿದರು. ಗೊತ್ತಿಲ್ಲದಿದ್ದರೆ ಕಾಶ್ಯಪ ಅಂತ ಹೇಳಿಬಿಡೋಣ ಎಂದು ಅವರೇ ದಾರಿಯನ್ನೂ ತೋರಿಸಿದರು. ಭಾನುಮತಿ ಒಪ್ಪಲಿಲ್ಲ. ನಮ್ಮದೇ ಗೋತ್ರ, ಭಾರದ್ವಾಜ ಅಂತಲೇ ಹೇಳಿ, ನಮ್ಮ ಮನೆಯವರು ಎಂದಳು. ಒಪ್ಪಿಸಿದ್ದ ಸೇವಂತಿಗೆಯಲ್ಲಿ ಅರ್ಧ ಪ್ರಸಾದವಾಗಿ ಹಿಂದೆ ಬಂತು. ಸಾನ್‌ರೆಮೊದಲ್ಲಿ ಹಾಡಿದವರಿಗೆ ಹೂಗುಚ್ಛ ಕೊಡುತ್ತಾರಲ್ಲ, ಈ ಸಲ ನಮ್ಮ ಮುದುಕಿಗೂ ಒಂದಿರಲಿ ಎಂದು ಅದಕ್ಕೆ ದಾರ ಸುತ್ತಿ ತಂದಿದ್ದಳು. ಓರ್ನೆಲ್ಲಾ ಹೂವನ್ನು ನೋಡಿದಳು, ಎದೆಯ ಮೇಲೆ ಶಿಲುಬೆ ಬರೆದುಕೊಂಡಳು, ಬೇಡ ಭಾನು ಎಂದಳು. ಮಾತು ಅಷ್ಟೇ.

ಬುಧವಾರ ಬಾಗಿಲು ತಟ್ಟಿದಳು, ಉತ್ತರವಿಲ್ಲ. ಗುರುವಾರ ಮೈತ್ರಿಗೆ ಫೋನ್ ಮಾಡಿದರೆ, ಜಸ್ಟ್ ಟೆಕ್ಸ್ಟ್ ಹರ್ ಅಮ್ಮ, ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟಳು. ಮೊಬೈಲನ್ನೇ ಇಟ್ಟುಕೊಳ್ಳದ ಮುದುಕಿಗೆ ಟೆಕ್ಸ್ಟು ಮಾಡುವುದು ಹೇಗೆ? ಮಧ್ಯಾಹ್ನವೆಲ್ಲ ಗೋಡೆಯಾಚೆ ಹಾಡು ಮಂದವಾಗಿ ಕೇಳುತ್ತಿತ್ತು. ಮುದುಕಿ ಈ ಸಲ ಸೌಂಡು ಕಮ್ಮಿ ಇಟ್ಟಿದ್ದಳು, ಒಂದು ಕಾಲಕ್ಕೆ ಭಾನುಮತಿ ಕೇಳಹೋಗಿದ್ದಷ್ಟೇ ಕಮ್ಮಿ. ಸಿಟ್ಟು ಬಂತು, ಆಮೇಲೆ ಅಳು ಬಂತು. ಐವತ್ತೆಂಟು ವರ್ಷಕ್ಕೆ ಗೆಳತಿ ಟೂ ಬಿಟ್ಟಳೆಂದು ಅಳುವ ಹೆಂಗಸು ತಾನೊಬ್ಬಳೇ ಇರಬೇಕು ಎಂದುಕೊಂಡು ಮತ್ತಷ್ಟು ಅತ್ತಳು.

ಶುಕ್ರವಾರ ಈಸ್ಟ್‌ಗೇಟಿನ ಪೂರ್ಣಿಮಾ ಫೋನ್ ಮಾಡಿದಳು. ಗದಗಿನವಳು, ಹಿಂದೆ ಇವಳ ಜೊತೆ ಒಂದೇ ಟೀಮಿನಲ್ಲಿದ್ದವಳು; ವರ್ಷಕ್ಕೆರಡು ಸಲ ಫೋನು, ಯುಗಾದಿಗೆ ಒಮ್ಮೆ ಭೇಟಿ. ಭಾನುಮತಿ ತಡೆಯಲಾರದೆ ಎಲ್ಲವನ್ನೂ ಹೇಳಿಕೊಂಡಳು.

"ಭಾನಕ್ಕಾ, ಸೇವಂತಿಗಿ ಒಯ್ದ್ರೇನ್ರಿ?" ಎಂದಳು ಪೂರ್ಣಿಮಾ. "ನಮ್ಮ ಆಫೀಸಿನ್ಯಾಗ ಒಬ್ಬಾಕಿ ಇಟಲಿಯಾಕಿ ಇದ್ದಾಳ್ರಿ. ಆಕಿ ಟೇಬಲ್ ಮ್ಯಾಲೆ ನಾನೂ ಇದನ್ನ ಇಟ್ಟು ಬೈಸ್ಕೊಂಡೀನಿ. ಅವರ ಕಡೆ ಅದು ಸತ್ತವರ ಹೂವಂತ. ಗೋರಿ ಮ್ಯಾಲೆ ಇಡೋದಂತ್ರಿ, ಬದುಕಿದ್ದವರ ಮನಿಗೆ ಒಯ್ಯಂಗಿಲ್ಲ."

"ಅಯ್ಯೋ ದೇವರೇ," ಎಂದಳು ಭಾನುಮತಿ. "ಆಸ್ಪತ್ರೆಯಿಂದ ಬಂದು ಹತ್ತೇ ದಿನ ಆಗಿತ್ತು ಕಣೇ ಅವರಿಗೆ."

ಫೋನಿಟ್ಟ ಮೇಲೆ ಅಡುಗೆಮನೆಗೆ ಹೋದಳು. ಸ್ಟೀಲ್ ಚೊಂಬಿನಲ್ಲಿ ಹೂವು ಇನ್ನೂ ಬಾಡದೆ ಹಳದಿಯಾಗಿಯೇ ಇತ್ತು. ಪ್ರಸಾದ, ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಈ ಹೂವನ್ನು ಅವಳ ಅಮ್ಮ ಮುಡಿದಿದ್ದಳು, ಅವಳು ಮುಡಿದಿದ್ದಳು, ಅಶ್ವತ್ಥ ಹೋದ ಮೇಲೆ ಮುಡಿಯುವುದನ್ನು ಬಿಟ್ಟಿದ್ದಳು. ಬೇಕೆಂದೇ ಯಾರನ್ನಾದರೂ ನೋಯಿಸಲು ಹೊರಟಿದ್ದರೂ ಇಷ್ಟು ಚೆನ್ನಾಗಿ ನೋಯಿಸುವುದು ಅವಳ ಕೈಲಾಗುತ್ತಿರಲಿಲ್ಲ.

ಕೂತು ಕಾಗದ ಬರೆದಳು. ಮೂರು ಹರಿದು ಹಾಕಿದಳು. ನಾಲ್ಕನೆಯದರಲ್ಲಿ ಅವಳ ಪೆದ್ದು ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ನಿಮ್ಮೂರಿನಲ್ಲಿ ಈ ಹೂವಿಗೆ ಏನರ್ಥವೆಂದು ನನಗೆ ಇವತ್ತು ಗೊತ್ತಾಯಿತು. ನಮ್ಮೂರಿನಲ್ಲಿ ಇದನ್ನು ದೇವರಿಗೆ ಏರಿಸುತ್ತೇವೆ, ಮುತ್ತೈದೆಯರು ಮುಡಿಯುತ್ತಾರೆ. ನೀವು ನೂರು ವರ್ಷ ಬದುಕಲೆಂದು ಕೇಳಿಕೊಂಡೆ. ಯಾರ ಮನೆಯವರು ಎಂದು ಅರ್ಚಕರು ಕೇಳಿದರು, ನಮ್ಮ ಮನೆಯವರು ಎಂದೆ. ನಮ್ಮ ದೇವರ ಲೆಕ್ಕದಲ್ಲಿ ಈಗ ನೀವು ನನ್ನವರು. ಕೋಪವಿದ್ದರೂ ಪರವಾಗಿಲ್ಲ, ನಾಳೆ ಫೈನಲ್ಲು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ.

ಅದನ್ನು ಓರ್ನೆಲ್ಲಾಳ ಬಾಗಿಲ ಕೆಳಗೆ ತುರುಕಿ ಬಂದಳು. ಅರ್ಧ ಹೊರಗೇ ಉಳಿಯಿತು. ರಾತ್ರಿ ಹಾಲು ತರುವ ನೆವದಲ್ಲಿ ಹಾದುಹೋದಾಗಲೂ ಅರ್ಧ ಹೊರಗೇ ಇತ್ತು. ಶನಿವಾರ ಬೆಳಿಗ್ಗೆ ನೋಡಿದರೆ ಕಾಗದ ಇರಲಿಲ್ಲ. ಭಾನುಮತಿ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು, ಕರೆ ಬಂದೇ ಬರುತ್ತದೆಂದು ಕಾದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಹನ್ನೊಂದು ನಲವತ್ತಕ್ಕೆ ಗೋಡೆಯಾಚೆ ವಾದ್ಯ ಶುರುವಾಯಿತು, ಕಾರಿಡಾರಿನಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ.

ಅವಳ ಟೀವಿಯಲ್ಲಿ ಆ ಚಾನೆಲ್ಲು ಬರುತ್ತಿರಲಿಲ್ಲ. ಕುರ್ಚಿಯೊಂದನ್ನು ಎಳೆದು ಗೋಡೆಗೆ ಒತ್ತಿ ಹಾಕಿಕೊಂಡು, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಕಿವಿ ಕೊಟ್ಟು ಕೂತಳು. ಮುಖ ಕಾಣದು, ಮಾತು ತಿಳಿಯದು, ರಾಗ ಮಾತ್ರ ತೆಳ್ಳಗೆ ಸೋರಿ ಬರುತ್ತಿತ್ತು. ಮೊದಲ ಹಾಡಿಗೆ ಏಳು ಬರೆದಳು, ಎರಡನೆಯದಕ್ಕೆ ಎಂಟು. ಪಕ್ಕದ ಸಾಲು ಖಾಲಿ. ಈ ನಾಲ್ಕು ವರ್ಷದಲ್ಲಿ ಒಬ್ಬಳೇ ಉಂಡಿದ್ದಳು, ಒಬ್ಬಳೇ ಜ್ವರದಲ್ಲಿ ಮಲಗಿದ್ದಳು. ಆದರೆ ಒಬ್ಬಳೇ ಅಂಕ ಹಾಕಿರಲಿಲ್ಲ.

ಮೂರನೆಯ ಹಾಡು ಹೆಂಗಸಿನದು. ನಡುವೆ ಒಮ್ಮೆ ದನಿ ಒಡೆಯಿತು, ಹಾಗೇ ಸಾವರಿಸಿಕೊಂಡು ಮೇಲಕ್ಕೆ ಹೋಯಿತು. ಹಾಡು ಮುಗಿದದ್ದೇ ತಡ, ಭಾನುಮತಿಯ ಕೈ ಅವಳನ್ನು ಕೇಳದೆಯೇ ಗೋಡೆಗೆ ಹೋಯಿತು. ಬೆರಳ ಗೆಣ್ಣಿನಿಂದ ಒಂಬತ್ತು ಸಲ ತಟ್ಟಿದಳು.

ಆಚೆ ಟೀವಿ ಪೂರ್ತಿ ಮೌನವಾಯಿತು. ಕೆಲಸ ಕೆಟ್ಟಿತು, ಇದ್ದ ಸದ್ದೂ ಹೋಯಿತು ಎಂದುಕೊಂಡಳು. ಗೋಡೆಯಿಂದ ಕೈ ತೆಗೆಯಲೂ ಧೈರ್ಯ ಸಾಲದೆ ಹಾಗೇ ಕೂತಳು. ನೋಟ್‌ಬುಕ್ಕು ಜಾರಿ ನೆಲಕ್ಕೆ ಬಿತ್ತು.

ಗೋಡೆಯಾಚೆಯಿಂದ ಟಕ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಮೂರನೆಯದು ಬಂತು. ನಾಲ್ಕನೆಯದಕ್ಕೆ ಕಾದಳು, ಬರಲಿಲ್ಲ.

"ಮೂರಾ?" ಎಂದಳು ಭಾನುಮತಿ ಗೋಡೆಗೆ. "ಆ ಹಾಡಿಗೆ ಮೂರಾ, ಜಿಪುಣಿ."

ಕಣ್ಣು ಒರೆಸಿಕೊಂಡು ಬಗ್ಗಿ ನೋಟ್‌ಬುಕ್ಕು ಎತ್ತಿಕೊಂಡಳು, ‘ಓ’ ಸಾಲಿನಲ್ಲಿ ಮೂರು ಬರೆದಳು. ಆಚೆ ಮುಂದಿನ ಹಾಡು ಶುರುವಾಗಿತ್ತು. ಸೌಂಡು ಒಂದಿಷ್ಟು ಏರಿತು, ಇನ್ನಷ್ಟು ಏರಿತು, ಕೊನೆಗೆ ಅಡುಗೆಮನೆಯ ಚೊಂಬಿನಲ್ಲಿದ್ದ ನೀರೂ ಕಂಪಿಸುವಷ್ಟು ಏರಿತು.