ಗೆರೆಯ ಹೊರಗೆ ನಿಂತ ಖುಷ್ಬೂ

ದೇವಿಕೊಪ್ಪದ ಬುಡನಸಾಬನ ಮಗಳು ಖುಷ್ಬೂಳ ಗಂಟಲಿನ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಅಪ್ಪನದು ಹಿಟ್ಟಿನ ಗಿರಣಿ. ಗಿರಣಿ ಚಾಲೂ ಇದ್ದಾಗಲೂ ಮಗಳು ಹಿತ್ತಲಲ್ಲಿ ಆಡಿದ ಮಾತು ಗಿರಾಕಿಗಳಿಗೆ ಕೇಳುತ್ತದೆ, ಮನೆಯಲ್ಲಿ ಗುಟ್ಟೆಂಬುದೇ ಉಳಿದಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಖೋಖೋದಲ್ಲಿ ಅವಳನ್ನು ಮೀರಿಸುವವರಿಲ್ಲ ಎಂಬುದನ್ನೂ ಊರು ಒಪ್ಪಿತ್ತು. ಈಗ ಡಿಗ್ರಿ ಓದುತ್ತಿದ್ದರೂ ಸಂಜೆಯಾದರೆ ಅವಳ ಕಾಲು ಶಾಲೆಯ ಬಯಲಿನ ಕಡೆಗೇ.

ಆ ವರ್ಷ ಆಟದ ಮಾಸ್ತರರಿಗೆ ವರ್ಗವಾಯಿತು. ಹೆಡ್‌ಮಾಸ್ತರ ಗುಡದಪ್ಪನವರು ಹುಡುಗಿಯರ ತಂಡವನ್ನು ಖುಷ್ಬೂಗೆ ಒಪ್ಪಿಸಿದರು. ಆದರೆ ಒಂದು ಕರಾರು ಹಾಕಿದರು. ಕಲಘಟಗಿಯ ತಾಲೂಕು ಪಂದ್ಯವನ್ನು ತಾವೇ ಕೂತು ನೋಡುತ್ತಾರೆ. ಗೆಲ್ಲಲೇಬೇಕೆಂದಿಲ್ಲ, ಹುಡುಗಿಯರು ಏನಾದರೂ ಕಲಿತಿರಬೇಕು. ಇಲ್ಲವಾದರೆ ಬೇರೆ ಯಾರನ್ನಾದರೂ ಕರೆಸುತ್ತಾರೆ. ಖುಷ್ಬೂಗೆ ಇಡೀ ದಿನದಲ್ಲಿ ತನ್ನದೆನಿಸುತ್ತಿದ್ದುದು ಆ ಸಂಜೆಯ ಹೊತ್ತೊಂದೇ. ಅದು ಕೈತಪ್ಪೀತೆಂದು ಒಂದು ಸಂಜೆಯನ್ನೂ ಬಿಡದೆ ಕಲಿಸತೊಡಗಿದಳು.

ಇನ್ನು ಕಲಿಸಿದ್ದು ಹೇಗೆ ಅಂತೀರಿ? ತಾನೇ ಒಳಗೆ ನುಗ್ಗಿ. ಯಾವಳಾದರೂ ಚೂರು ತಡಮಾಡಿದರೆ ಅವಳನ್ನು ಆಚೆ ಸರಿಸಿ, ಅವಳ ಜಾಗದಲ್ಲಿ ತಾನೇ ಕೂತು, ತಾನೇ ಎದ್ದು, ತಾನೇ ಓಡಿ ಮುಟ್ಟಿ, ನೋಡಿದಿರಾ ಎಂದು ಬೀಗುವುದು. ಹುಡುಗಿಯರು ನೋಡಿದರು, ಪಾಪ, ಚಪ್ಪಾಳೆಯನ್ನೂ ತಟ್ಟಿದರು. ಒಂಬತ್ತನೇ ಇಯತ್ತೆಯ ಭಾಗ್ಯಾ ಅಂತೂ ನೋಡಿ ನೋಡಿಯೇ ಸುಸ್ತಾಗಿದ್ದಳು.

ಪಂದ್ಯ ದುಮ್ಮವಾಡದ ಹುಡುಗಿಯರ ಮೇಲೆ. ಅಂದು ಖುಷ್ಬೂ ಗೆರೆಯ ಹೊರಗೇ ನಿಲ್ಲಬೇಕಾಯಿತು. ಕಾಲಿಗೆ ಕೆಲಸ ತಪ್ಪಿದ್ದೇ ತಡ, ಇದ್ದಬಿದ್ದ ಬಲವೆಲ್ಲ ಗಂಟಲಿಗೆ ಬಂತು. ಭಾಗ್ಯಾ ಎದ್ದಾಗ ಎಡಕ್ಕೆ ಓಡು ಎಂದು ಕೂಗಿದಳು. ಖೋಖೋದ ಸಾಲಿನಲ್ಲಿ ಒಬ್ಬಳು ಈ ಕಡೆ ಮುಖ ಮಾಡಿ ಕೂತರೆ ಮಗ್ಗುಲಿನವಳು ಆ ಕಡೆ. ಭಾಗ್ಯಾ ಕೂತದ್ದು ಖುಷ್ಬೂಗೆ ಎದುರಾಗಿ. ಇವಳ ಎಡ ಅವಳಿಗೆ ಬಲ. ಹೇಳಿದ ಮಾತು ಮೀರದ ಹುಡುಗಿ ತನ್ನ ಎಡಕ್ಕೇ ಓಡಿದಳು. ಇವಳು ಮುಟ್ಟಬೇಕಾಗಿದ್ದ ಎದುರಾಳಿ ಉಳಿದದ್ದು ಇನ್ನೊಂದು ಕಡೆ. ಒಮ್ಮೆ ದಿಕ್ಕು ಹಿಡಿದರೆ ಕಂಬ ತಲುಪುವ ತನಕ ತಿರುಗುವಂತಿಲ್ಲ. ಹೀಗೆ ಒಬ್ಬಳಲ್ಲ, ಅರ್ಧ ತಂಡವೇ ಯಾರೂ ಇಲ್ಲದ ಕಡೆಗೆ ಶ್ರದ್ಧೆಯಿಂದ ಓಡಿತು. ನೋಡುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಡದಪ್ಪನವರು ಮಾತ್ರ ನಗಲಿಲ್ಲ.

ಬಿಡುವಿನಲ್ಲಿ ಖುಷ್ಬೂ ಬೆಂಕಿಯಾಗಿ ಬಂದಳು. ಎಡಬಲ ಗೊತ್ತಿಲ್ಲದ ನಿಮ್ಮನ್ನು ಕಟ್ಟಿಕೊಂಡು ನನ್ನ ಮರ್ಯಾದೆ ಹೋಯಿತು ಎಂದು ಬೈದಳು. ಭಾಗ್ಯಾ ಕಣ್ಣೊರೆಸಿಕೊಂಡು, "ಅಕ್ಕಾ, ನೀವ ಒಮ್ಮೆ ನನ್ನ ಜಾಗಾದಾಗ ಕುಂತು ನೋಡ್ರಿ," ಎಂದಳು.

ಆ ಜಾಗದಲ್ಲಿ ಖುಷ್ಬೂ ಕೂತದ್ದೇನು ಕಡಿಮೆಯೇ? ಆದರೆ ಆಗೆಲ್ಲ ಹೊರಗೆ ನಿಂತು ಕೂಗುವ ಖುಷ್ಬೂ ಒಬ್ಬಳು ಇರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ತಾನು ನಿಂತಿದ್ದ ಕಡೆ ನೋಡಿ, ಎಡಗೈ ಎತ್ತಿದಳು. ಅದು ಚಾಚಿದ್ದು ತಾನು ಹೇಳಿದ್ದಕ್ಕೆ ಉಲ್ಟಾ ಕಡೆಗೆ; ಮುಖ ಕೆಂಪಾಯಿತು. ಕೂತಲ್ಲಿಂದಲೇ ಕೇಳಿದಳು, "ಇಲ್ಲಿಂದ ನಿಮಗೇನು ಕಾಣ್ತೈತಿ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಹುಡುಗಿಯರಿಗೆಲ್ಲ ಒಮ್ಮೆಲೇ ಬಾಯಿ ಬಂತು. ದುಮ್ಮವಾಡದ ಎತ್ತರದ ಹುಡುಗಿ ಕಂಬದ ಹತ್ತಿರ ಬಂದಾಗೆಲ್ಲ ಹೊರಮಗ್ಗುಲಿಗೇ ಹೊರಳುತ್ತಾಳಂತೆ, ಇನ್ನೊಬ್ಬಳಿಗೆ ಆಗಲೇ ದಮ್ಮು ಹತ್ತಿದೆಯಂತೆ. ಇದೊಂದೂ ಖುಷ್ಬೂಗೆ ಕಂಡಿರಲಿಲ್ಲ. ಹಾಗಾದರೆ ಏನು ಮಾಡೋಣ ಎಂದು ಕೇಳಿ, ನಾಲಿಗೆ ತುದಿಗೆ ಬಂದಿದ್ದ ಉತ್ತರವನ್ನು ನುಂಗಿಕೊಂಡಳು. ಆ ಉತ್ತರ ಭಾಗ್ಯಾಳ ಬಾಯಿಂದ ಬರುವಷ್ಟರಲ್ಲಿ ಖುಷ್ಬೂಳ ಜೀವ ಹೋಗಿ ಬಂತು.

ಮತ್ತೆ ಬೆನ್ನಟ್ಟುವ ಸರದಿ ಬಂದಾಗ ಖುಷ್ಬೂ ಓಢಣಿಯ ಸೆರಗನ್ನು ಬಾಯಲ್ಲಿ ತುರುಕಿಕೊಂಡು ನಿಂತಳು. ಹುಡುಗಿಯರು ಈಗ ಇವಳತ್ತ ನೋಡಲೇ ಇಲ್ಲ. ಎತ್ತರದವಳು ಹೊರಳುವ ಕಡೆಯೇ ಭಾಗ್ಯಾ ಕಾದು ಮುಟ್ಟಿದಳು. ಒಬ್ಬರಾದ ಮೇಲೆ ಒಬ್ಬರು ಔಟಾದರು. ಕೊನೆಗೆ ಒಂದೇ ಒಂದು ಅಂಕದಿಂದ ಸೋತರು. ನಕ್ಕವರೇ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಗುಡದಪ್ಪನವರು ಎದ್ದು ಬಂದು ಭಾಗ್ಯಾಳ ಬೆನ್ನು ತಟ್ಟಿದರು. "ಇಷ್ಟು ಛಲೋ ಆಡಾಕ ಯಾರು ಕಲಿಸಿದ್ರವಾ?"

ಭಾಗ್ಯಾ ಇನ್ನೂ ಏದುಸಿರು ಬಿಡುತ್ತಿದ್ದಳು. "ಯಾರೂ ಕಲಿಸಿಲ್ರಿ ಸರ್. ನಾವ ನೋಡಿ ಕಲ್ತೀವ್ರಿ."

ಎಲ್ಲ ಮುಗಿಯಿತು ಎಂದುಕೊಂಡಳು ಖುಷ್ಬೂ. ಹುಡುಗಿಯ ಕಪಾಳಕ್ಕೆ ಒಂದು ಬಿಗಿಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ನೆಲ ನೋಡುತ್ತ ನಿಂತಳು.

ಗುಡದಪ್ಪನವರು ಖುಷ್ಬೂಳನ್ನೇ ನೋಡುತ್ತಿದ್ದರು. ಬಿಡುವಿನಲ್ಲಿ ಅವಳು ಹುಡುಗಿಯರ ಜಾಗದಲ್ಲಿ ಕೂತು ಅವರನ್ನೇ ಕೇಳಿದ್ದು ಅವರ ಕಣ್ಣು ತಪ್ಪಿರಲಿಲ್ಲ.

"ಹಂಗಾದ್ರ ಬ್ಯಾರೆ ಯಾರೂ ಬ್ಯಾಡ," ಎಂದರು. "ಈಕಿನ ಇರ್ಲಿ."