ಕಣಜದೊಳಗಿನ ಮಗಳು

ಕಪ್ಪು ಕಬೂಲಾಳ ಹೊಟ್ಟೆಯಲ್ಲಿ ಮೈಗೆ ಬಣ್ಣವೇ ಇಲ್ಲದ, ಬಿಸಿಲು ತಾಳದ ಹಾಲುಬಿಳುಪಿನ ಮಗಳು ನ್ಯಾಮಿಜಿ ಹುಟ್ಟಿದ್ದಳು. ಅಂಥ ಮಕ್ಕಳ ಕೈಕಾಲು ಕಡಿದು ಮಾಟಗಾರರಿಗೆ ಮಾರುವ ಪಾಪಿಗಳು ಆಫ್ರಿಕಾದ ವಿಕ್ಟೋರಿಯಾ ಸರೋವರದ ಸುತ್ತ ಓಡಾಡುತ್ತಿದ್ದ ಕಾಲವದು. ಹಾಗಾಗಿ ಹೋದ ವರ್ಷ ಜೀಪೊಂದು ಬಂದು, "ಬಿಳಿ ಮೈಯ ಮಕ್ಕಳನ್ನ ಕರ್ಕೊಂಡು ಬನ್ನಿ, ಚರ್ಮದ ಪರೀಕ್ಷೆ ಪುಕ್ಕಟೆ" ಎಂದು ಮೈಕಿನಲ್ಲಿ ಕೂಗಿದಾಗ, ಕಬೂಲಾ ಮಗಳನ್ನು ಜೋಳದ ಕಣಜದೊಳಗೆ ಇಳಿಸಿ ಮುಚ್ಚಳ ಹಾಕಿದ್ದಳು.

"ಪುಕ್ಕಟೆ ಅಂತೆ ಪುಕ್ಕಟೆ! ನಿಮ್ ಬಾಯಿಗ್ ಮಣ್ಣಾಕ!" ಎಂದು ಜೀಪಿಗೆ ಶಾಪ ಹಾಕಿದ್ದಳು. ಆಗ ಮಗಳ ಕಿವಿಯ ಹಿಂದಿನ ಹುಣ್ಣು ರಾಗಿಕಾಳಿನಷ್ಟಿತ್ತು.

ಈ ವರ್ಷ ಅದು ಕತ್ತಿಗಿಳಿದು ಕೊಳೆತು ನಾರುತ್ತಿತ್ತು. ಜೀಪಿನ ಸದ್ದು ಕೇಳಿದ್ದೇ ತಡ, ಕಬೂಲಾ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದಳು.

ಜೀಪಿನಲ್ಲಿ ಬಂದಿದ್ದ ಡಾಕ್ಟರಮ್ಮ ಹುಣ್ಣಿನ ಮೇಲಿನ ಬಟ್ಟೆ ಸರಿಸಿ ನೋಡಿದವಳು ಮತ್ತೆ ಮೆಲ್ಲಗೆ ಮುಚ್ಚಿದಳು.

"ಏನಾದ್ರೂ ಮಾಡಿ ತಾಯಿ, ನಿಮ್ ಕಾಲಿಗ್ ಬೀಳ್ತೀನಿ."

"ಕ್ಯಾನ್ಸರ್ ಕಣಮ್ಮ, ಒಳಗೆಲ್ಲ ಹಬ್ಬಿಬಿಟ್ಟಿದೆ. ಹೋದ ವರ್ಷವೇ ಬಂದಿದ್ವಲ್ಲ, ಆಗ ಸುಲಭವಾಗಿ ತೆಗೀಬಹುದಿತ್ತು. ಎಲ್ಲಿದ್ಲು ಇವಳು?"

ಉತ್ತರ ಕೊಟ್ಟವಳು ನ್ಯಾಮಿಜಿ, ಅದೂ ಜಂಬದಿಂದ:

"ಅಮ್ಮ ನನ್ನ ಕಣಜದಲ್ಲಿ ಬಚ್ಚಿಟ್ಟಿದ್ಲು. ನಾನು ಕೆಮ್ಮಲೂ ಇಲ್ಲ. ಅದಕ್ಕೇ ನಿಮ್ಗೆ ಸಿಗ್ಲಿಲ್ಲ!"