ಓಡುಕುಳಿಯನ್ನು ಹೊತ್ತವರು

“ಚರ್ಚಿನ ಕಡೆ ಅಲ್ಲ. ಎಡಕ್ಕೆ ತಿರುಗಿ,” ಎಂದಳು ನೋಟ್‌ಬುರ್ಗ.

ಅವಳ ಗಂಡ ವಿಗಿಲ್‌ನ ಶವಪೆಟ್ಟಿಗೆ ಹೊತ್ತು ಅಂಗಳ ದಾಟಿದ್ದ ನಾಲ್ವರೂ ಗಕ್ಕನೆ ನಿಂತರು. ಮುಂದಿನ ಬಲ ಹೆಗಲು ಕಾಸಿಯನ್‌ನದು. ಊರಿನ ಮಾಜಿ ಸೈನಿಕರ ಸಂಘದ ಅಧ್ಯಕ್ಷ, ಎದೆಯ ಮೇಲೆ ಮೂರು ಪದಕ. ಸತ್ತ ಸೈನಿಕನನ್ನು ಸಂಘದವರೇ ಹೊರಬೇಕು, ಯಾವ ದಾರಿಯೆಂದು ಮನೆಯವರು ಹೇಳಬೇಕು. ಟಿರೋಲ್ ಬೆಟ್ಟನಾಡಿನ ಆ ಕಣಿವೆಯಲ್ಲಿ ಅದು ಅಜ್ಜಂದಿರ ಕಾಲದ ಕಟ್ಟಳೆ.

“ಬುರ್ಗಕ್ಕ, ಹೊಲದ ಸುತ್ತು ದಾರೀನಾ? ಹಿಮ ಕರಗಿ ಮೊಣಕಾಲುದ್ದ ಕೆಸರಾಗಿದೆ. ಚರ್ಚು ಇಲ್ಲೇ ಕಾಣ್ತಿದೆಯಲ್ಲ!”

“ಕಾಣ್ತಿದೆ ಕಾಸಿಯಣ್ಣ. ನನ್ನ ಗಂಡನಿಗೆ ಕೆಸರೇನು ಹೊಸದಲ್ಲ. ನಡೀರಿ.”

ಪಾದ್ರಿ ಕೆಮ್ಮಿದರು. ಹದಿನಾಲ್ಕು ವರ್ಷ ಹಲ್ಲು ಕಚ್ಚಿ ಕಾದವಳು, ಪಾದ್ರಿಯ ಕೆಮ್ಮಿಗೆ ಬಗ್ಗುತ್ತಾಳೆಯೇ?

*

ಮೊದಲ ಮಹಾಯುದ್ಧ ಮುಗಿದ ಚಳಿಗಾಲ ವಿಗಿಲ್ ರಷ್ಯದ ಎದುರಿನ ರಣರಂಗದಿಂದ ನಡೆದುಕೊಂಡೇ ಊರು ಸೇರಿದ್ದ. ಪಡಖಾನೆಯಲ್ಲಿ ಕಾಸಿಯನ್ ಮತ್ತವನ ಗೆಳೆಯರು ಕೂತಿದ್ದರು. ಊರಿನ ಮೇಲಣ ಶಿಖರದಲ್ಲೇ ಇಟಲಿಯವರನ್ನು ತಡೆದವರು.

“ಎರಡೂವರೆ ವರ್ಷ ಒಂದೇ ಬಂಡೆ ಹಿಡ್ಕೊಂಡಿದ್ವಿ. ಒಂದು ಗೇಣು ಬಿಡ್ಲಿಲ್ಲ. ನೀನೆಷ್ಟು ಬಿಟ್ಟೆಯೋ?” ಎಂದ ಕಾಸಿಯನ್.

“ಅಲ್ಲಿ ಬಂಡೆ ಎಲ್ಲಿತ್ತು ಮಾರಾಯ? ಬರೀ ಬಯಲು. ಕೂತ್ರೆ ಕುದುರೆ ದಂಡು ಹಿಂದಿನಿಂದ ಬಂದು ಸುತ್ಕೊಳ್ಳೋದು. ಇನ್ನೂರು ಮೈಲಿ ಹಿಂದೆ, ಆಮೇಲೆ ಅಷ್ಟೇ ಮುಂದೆ. ಬಿದ್ದವರನ್ನ ಹೂಳೋಕೂ ಪುರುಸೊತ್ತಿರ್ಲಿಲ್ಲ.”

“ಅಂದ್ರೆ ಓಡಿದೆ ಅನ್ನು!”

ಪಡಖಾನೆ ಗೊಳ್ಳೆಂದಿತು. ಅಂದಿನಿಂದ ಅವನು ಊರಿಗೆಲ್ಲ ಓಡುಕುಳಿ. ಸಂಘದ ಮೆರವಣಿಗೆಯಲ್ಲಿ ಅವನನ್ನು ಕಡೆಯ ಸಾಲಿಗೆ ತಳ್ಳಿದರು. ಅವನು ಮತ್ತೆ ಪಡಖಾನೆಯ ಮೆಟ್ಟಿಲು ಹತ್ತಲಿಲ್ಲ. ಹೋಗಲಿ ಬಿಡು ಎನ್ನುತ್ತಿದ್ದ. ನೋಟ್‌ಬುರ್ಗ ಬಿಡಲಿಲ್ಲ.

*

ಹೊಲದ ನಡುವೆ ಕಾಸಿಯನ್ ಏದುಸಿರು ಬಿಡತೊಡಗಿದ.

“ಒಂದು ಗಳಿಗೆ ಇಳಿಸೋಣ ಅಕ್ಕ.”

“ಇಳಿಸು. ಹೆಣ ಇಟ್ಟ ಹೊಲದಲ್ಲಿ ಏಳು ವರ್ಷ ಬೆಳೆ ಏಳಲ್ಲ ಅಂತ ನಿಮ್ಮಮ್ಮಾನೇ ಹೇಳ್ತಿದ್ರು. ಇದು ನಿಂದೇ ಹೊಲ ಅಲ್ವಾ?”

ಹಿಂದಿನ ಹೆಗಲು ಕೊಟ್ಟಿದ್ದ ಬಡಗಿ ಲೂಯಿಸ್‌ಗೆ ಆ ಸಂಕಟದಲ್ಲೂ ನಗು ಬಂತು. ಇನ್ನೂ ಮುಕ್ಕಾಲು ಹೊಲ ಉಳಿದಿತ್ತು.

“ಕಾಲು ಕೀಳೋಕಾಗ್ತಿಲ್ಲ ಕಣಕ್ಕ. ಹಿಂದಕ್ಕೆ ಹೋಗ್ಬಿಡೋಣ.”

ನೋಟ್‌ಬುರ್ಗ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಅವಳಿಗೆ ಬೇಕಾಗಿದ್ದುದು ಅದೊಂದೇ ಮಾತು.

“ಏನಂದೆ? ಹಿಂದಕ್ಕಾ? ಊರವರೆಲ್ಲ ಇಲ್ಲೇ ಇದ್ದಾರೆ. ಕೇಳೋ ಹಾಗೆ ಇನ್ನೊಂದ್ಸಲ ಹೇಳು.”

ಕಾಸಿಯನ್‌ನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಅವನು ಬಲಗಾಲನ್ನು ಜಗ್ಗಿದ. ಕಾಲು ಬಂತು, ಬೂಟು ಬರಲಿಲ್ಲ. ಉಣ್ಣೆಯ ಕಾಲುಚೀಲವನ್ನೇ ಕೆಸರಿಗೆ ಊರಿ ಮುಂದೆ ಹೆಜ್ಜೆಯಿಟ್ಟ.

ನೋಟ್‌ಬುರ್ಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪೆಟ್ಟಿಗೆ ಮುಂದೆ ಹೋದ ಮೇಲೆ ಲಂಗ ಎತ್ತಿ ಆ ಬೂಟನ್ನು ದಾಟಿದಳು. ಅವಳ ಹಿಂದೆ ಊರವರು ಒಬ್ಬೊಬ್ಬರಾಗಿ ಅದರ ಪಕ್ಕದಿಂದ ಸುತ್ತಿ ನಡೆದರು. ಯಾರೊಬ್ಬರೂ ಬಗ್ಗಿ ಎತ್ತಿಕೊಳ್ಳಲಿಲ್ಲ.